ಹಸ್ತದ ಮಳೆಯ ನಡುವೆ ಕಡಲಿಗೆ: ಶಿವಮೊಗ್ಗದಿಂದ ಕಾಸರಕೋಡಿಗೆ ಕ್ಯಾರವಾನಿನಲ್ಲಿ ನಾಲ್ಕು ದಿನ

ಹೊರಡುವ ಮುನ್ನ

ಮಲೆನಾಡಿನವರಿಗೆ ಕಡಲು ದೂರದ್ದಲ್ಲ. ಶಿವಮೊಗ್ಗದ ಬಿ.ಎಚ್. ರಸ್ತೆಯ ಹೆಸರಿನಲ್ಲೇ ಅದು ಸೇರಿಕೊಂಡಿದೆ: ಬೆಂಗಳೂರು–ಹೊನ್ನಾವರ. ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಹೊನ್ನಾವರ ಮುಟ್ಟಿಸುವ ಸುಮಾರು 165 ಕಿಲೋಮೀಟರ್ ಹಾದಿ ಇದು. ಅದಕ್ಕೆ ಇಲ್ಲಿ ಎರಡು ದಿನ ಕೊಟ್ಟಿದೆ. ಈ ಪ್ರವಾಸದ ಜೀವ ಇರುವುದು ಮೂರನೆಯ ದಿನದಲ್ಲಿ. ಆ ದಿನ ಗಾಡಿಯ ಚಕ್ರ ಒಂದು ಸುತ್ತೂ ಉರುಳಬಾರದು. ನೀರಿಲ್ಲ ಅಂತ ಪೇಟೆಗೆ ಹೋಗುವುದು, ಬ್ಯಾಟರಿ ಇಳಿಯಿತು ಅಂತ ಎಂಜಿನ್ ಓಡಿಸುವುದು, ಚಕ್ರ ಹೂತಿತು ಅಂತ ಟ್ರ್ಯಾಕ್ಟರ್ ಹುಡುಕುವುದು, ಇದ್ಯಾವುದೂ ಇಲ್ಲದೆ ಸಮುದ್ರದ ಮುಂದೆ ಸುಮ್ಮನೆ ಒಂದು ಹಗಲು ಕಳೆಯಬೇಕಾದರೆ ಅದರ ತಯಾರಿಯೆಲ್ಲ ಘಾಟಿಯ ಮೇಲೇ ಮುಗಿದಿರಬೇಕು.

ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಎರಡನೆಯ ವಾರದವರೆಗೆ ಹಸ್ತ ಮಳೆಯ ಕಾಲ. ಜಡಿಮಳೆ ಮುಗಿದಿರುತ್ತದೆ, ಮಳೆ ಮಾತ್ರ ಪೂರ್ತಿ ಬಿಟ್ಟಿರುವುದಿಲ್ಲ. ಬೆಳಗ್ಗೆ ಮಂಜು, ಹತ್ತು ಗಂಟೆಗೆ ಚುರುಕು ಬಿಸಿಲು, ಮೂರು–ನಾಲ್ಕರ ಹೊತ್ತಿಗೆ ಗುಡುಗು. ಹಾಗಾಗಿ ಘಾಟಿ ಇಳಿಯುವುದು, ಟಾರ್ಪಾಲ್ ಕಟ್ಟುವುದು, ಬಟ್ಟೆ ಒಣಗಿಸುವುದು ಎಲ್ಲ ಮಧ್ಯಾಹ್ನ ಎರಡರೊಳಗೆ ಆಗಬೇಕು. ಆಶ್ವಯುಜದ ಹುಣ್ಣಿಮೆಯೂ ಹೆಚ್ಚುಕಡಿಮೆ ಈ ಕಾಲಕ್ಕೇ ಬರುತ್ತದೆ. ನಮ್ಮ ಕಡೆ ಅದು ಭೂಮಿ ಹುಣ್ಣಿಮೆ: ಸಾಗರ, ಸೊರಬ, ಹೊಸನಗರದ ದೀವರ ಸಮುದಾಯದ ಹೆಣ್ಣುಮಕ್ಕಳು ಬಿಳಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ತೆನೆ ಕಟ್ಟುತ್ತಿರುವ ಗದ್ದೆಗೆ ಬಯಕೆಯೂಟ ಬಡಿಸುವ ದಿನ. ಗದ್ದೆಯಲ್ಲಿ ಹಬ್ಬವಾಗುವ ಅದೇ ಹುಣ್ಣಿಮೆಗೆ ಕಡಲಲ್ಲಿ ಉಬ್ಬರ ದೊಡ್ಡದಿರುತ್ತದೆ. ದಿನ ಗೊತ್ತು ಮಾಡುವಾಗ ಪಂಚಾಂಗ ನೋಡಿ ಎನ್ನುವುದು ಇದಕ್ಕೇ.

ಗಾಡಿ ಅಂದರೆ ಇಲ್ಲಿ ಟೆಂಪೋ ಟ್ರಾವೆಲರ್ ಒಡಲಿನ ಸಾಧಾರಣ ಕ್ಯಾರವಾನ್. ಎರಡು ಮಂಚ, ಎರಡು ಉರಿಯ ಒಲೆ, 5 ಕೆಜಿ ಸಿಲಿಂಡರ್, 80 ಲೀಟರ್ ನೀರಿನ ಟ್ಯಾಂಕ್, ಕಂಪ್ರೆಸರ್ ಫ್ರಿಜ್, ಕ್ಯಾಸೆಟ್ ಟಾಯ್ಲೆಟ್ (ಮಲದ ಡಬ್ಬಿಯನ್ನು ಹೊರತೆಗೆದು ಖಾಲಿ ಮಾಡುವಂಥದು), ಮಾಡಿನ ಮೇಲೆ 200 ವಾಟ್ ಸೋಲಾರ್ ಪ್ಯಾನೆಲ್, ಸೀಟಿನಡಿ 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ. ಬ್ಯಾಟರಿಯಲ್ಲಿ ಹಿಡಿಯುವುದು 1,280 ವಾಟ್-ಅವರ್. ದಿನದ ಖರ್ಚು ನೋಡಿ: ಫ್ರಿಜ್ ಸುಮಾರು 430, ಹದಿನಾಲ್ಕು ಗಂಟೆ ತಿರುಗುವ ಡಿಸಿ ಫ್ಯಾನ್ 390, ದೀಪ, ಮೊಬೈಲ್, ನೀರಿನ ಪಂಪ್ ಸೇರಿ 100. ಒಟ್ಟು 920. ಈ ಕಾಲದ ಅರೆಮೋಡದಲ್ಲಿ ಪ್ಯಾನೆಲ್ ಕೊಡುವುದು ಹೆಚ್ಚೆಂದರೆ 600. ಕಡಲಿಗೆ ತುಂಬಿದ ಬ್ಯಾಟರಿಯೊಂದಿಗೆ ಇಳಿದರೆ ಮೂರು ದಿನ ಚಿಂತೆಯಿಲ್ಲ. ಅರ್ಧ ತುಂಬಿದ್ದರೆ ಎರಡನೆಯ ರಾತ್ರಿಯೇ ಫ್ರಿಜ್ ಕೈಕೊಡುತ್ತದೆ.

ಮಿಕ್ಸಿ ಬೇಡ. ಇನ್ವರ್ಟರ್ ಮೂಲಕ 500 ವಾಟಿನ ಮಿಕ್ಸಿ ಓಡಿಸಿದರೆ ಬ್ಯಾಟರಿಯಿಂದ 45 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಗಳಿಗೆಯಲ್ಲಿ ಅದರ ಎರಡರಷ್ಟು. ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಮಸಾಲೆಯನ್ನು ಮನೆಯಲ್ಲೇ ಗಟ್ಟಿಯಾಗಿ ರುಬ್ಬಿ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಆಯಿತು.

ಮೊದಲ ದಿನ: ಶಿವಮೊಗ್ಗದಿಂದ ಸಾಗರ

ಆಯನೂರು, ಕುಂಸಿ, ಚೋರಡಿ, ಆನಂದಪುರ ಹಾದು ಸಾಗರಕ್ಕೆ 72 ಕಿಲೋಮೀಟರ್. ರಸ್ತೆ ಸಲೀಸು. ಇವತ್ತಿನ ಕೆಲಸ ಗಾಡಿಯ ಸದ್ದು ಕೇಳುವುದು. ಡ್ರಾಯರಿನಲ್ಲಿ ಏನು ಗಲಗಲ ಅನ್ನುತ್ತದೆ, ಯಾವ ಬಾಗಿಲಿನ ಚಿಲಕ ತಿರುವಿನಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದು ಈ ನೇರ ರಸ್ತೆಯಲ್ಲೇ ಗೊತ್ತಾದರೆ ಘಾಟಿಯಲ್ಲಿ ಕುಕ್ಕರ್ ಹಾರಿ ಬೀಳುವುದಿಲ್ಲ. ಸ್ಟೀಲ್ ಡಬ್ಬಿಗಳ ನಡುವೆ ಹಳೆಯ ಪಂಚೆ ತುಂಡು ಸಿಕ್ಕಿಸಿ. ಭಾರದ ವಸ್ತುಗಳೆಲ್ಲ ನೆಲಮಟ್ಟದಲ್ಲಿರಲಿ, ಮೇಲಿನ ಕಪಾಟಿನಲ್ಲಿ ಬಟ್ಟೆ ಮತ್ತು ಅವಲಕ್ಕಿ ಮಾತ್ರ.

ನೀರಿನ ಟ್ಯಾಂಕ್ ಅರ್ಧ ತುಂಬಿಸಿಕೊಂಡು ಘಾಟಿಗೆ ಹೋಗುವುದು ಬಹಳ ಜನ ಮಾಡುವ ತಪ್ಪು. ಪೂರ್ತಿ ತುಂಬಿದ ಟ್ಯಾಂಕಿನಲ್ಲಿ ನೀರು ಅಲುಗುವುದಿಲ್ಲ, 15–20 ಲೀಟರ್ ಇದ್ದರೆ ಅದರ ಭಾರ ಲೆಕ್ಕಕ್ಕಿಲ್ಲ. 40 ಲೀಟರ್ ಮಾತ್ರ ಪ್ರತಿ ತಿರುವಿನಲ್ಲೂ ಒಂದು ಮಗ್ಗುಲಿಗೆ ನುಗ್ಗಿ ಗಾಡಿಯನ್ನು ತೊನೆಸುತ್ತದೆ. ಕರಾವಳಿಯ ಬಾವಿಗಳು ಮಳೆಗಾಲ ಮುಗಿದ ಹೊಸತರಲ್ಲಿ ಸಿಹಿಯಾಗಿರುತ್ತವೆ, ಅಳಿವೆ ಹತ್ತಿರದ ನೀರು ಉಪ್ಪಾಗುವುದು ಬೇಸಿಗೆಗೆ. ಆದ್ದರಿಂದ ಟ್ಯಾಂಕಿನಲ್ಲಿ 15 ಲೀಟರ್ ಮತ್ತು ಕುಡಿಯಲು ಒಂದು 20 ಲೀಟರ್ ಕ್ಯಾನ್ ಇಟ್ಟುಕೊಂಡು ಇಳಿದರೆ ಸಾಕು.

ಸಾಗರದಲ್ಲಿ ಹೊತ್ತು ಉಳಿದರೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಊರ ಪಕ್ಕದಲ್ಲೇ ಇದೆ. ಕೆಳದಿ ಅರಸರು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ರಾಜಧಾನಿ ಬದಲಿಸಿದವರು. ನಾಳೆ ಇಳಿಯುವ ಕರಾವಳಿಯ ವ್ಯಾಪಾರವೂ ಅವರ ಕೈಯಲ್ಲಿ ಇದ್ದದ್ದೇ. ಗ್ರಾನೈಟಿನ ಆ ಗುಡಿಯ ಮುಂದಿನ ಹುಲ್ಲಿನ ಮೇಲೆ ಅರ್ಧ ಗಂಟೆ ಕೂತು ನಾಲ್ಕರೊಳಗೆ ರಾತ್ರಿಯ ಜಾಗ ಸೇರಿಕೊಳ್ಳಬೇಕು, ಗುಡುಗಿನ ಮೊದಲು.

ಜಾಗ ಯಾರದೋ ಮನೆಯ ಅಂಗಳವೋ ಹೋಂಸ್ಟೇಯ ಕಣವೋ ಆಗಿರಲಿ, ಕೇಳಿಯೇ ನಿಲ್ಲಿಸಿ. ಅಡಿಕೆ ಮರದ ಕೆಳಗೆ ಬೇಡ: ಹಾಳೆಯ ಸಮೇತ ಸೋಗೆ ಬಿದ್ದರೆ ಪ್ಯಾನೆಲ್ ಗಾಜು ಉಳಿಯುವುದಿಲ್ಲ. ಕೆಮ್ಮಣ್ಣಿನ ಮೇಲೆ ನಿಲ್ಲಿಸಲೇಬೇಕಾದರೆ ಗಾಡಿಯ ಮೂತಿ ಇಳಿಜಾರಿನ ಕಡೆಗೆ, ರಸ್ತೆಯ ಕಡೆಗೆ ಇರಲಿ. ರಾತ್ರಿ ಮಳೆ ಬಂದು ಮಣ್ಣು ಜಾರತೊಡಗಿದರೂ ಬೆಳಗ್ಗೆ ಕೆಳಮುಖವಾಗಿ ಹೊರಬರಬಹುದು. ಹಿಮ್ಮುಖ ಏರಿಸಹೋದರೆ ಹಿಂದಿನ ಚಕ್ರ ತಿರುಗಿ ತಿರುಗಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಉಂಬಳ (ಜಿಗಣೆ) ಇನ್ನೂ ಇರುತ್ತವೆ. ಮೆಟ್ಟಿಲ ಬಳಿ ಒಂದು ಡಬ್ಬಿ ಉಪ್ಪು ಇಟ್ಟು, ಚಪ್ಪಲಿಗಳನ್ನು ಒಳಗೆ ತರುವ ಮುನ್ನ ಕೊಡವಿ ನೋಡಿ.

ಎರಡನೆಯ ದಿನ: ಜೋಗ, ಮಾಲೇಮನೆ ಘಾಟಿ, ಹೊನ್ನಾವರ

ತಾಳಗುಪ್ಪ ದಾಟಿ ಜೋಗಕ್ಕೆ ಬೆಳಗ್ಗೆ ಏಳಕ್ಕೆ ಮುಟ್ಟಿದರೆ ಕಾಣುವುದು ಬಿಳಿ ಮಂಜು ಮಾತ್ರ. ಒಂಬತ್ತು–ಹತ್ತರ ಬಿಸಿಲಿಗೆ ಮಂಜು ಏಳುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಆಳಕ್ಕೆ ಬೀಳುವುದನ್ನು ನೋಡಲು ಶರತ್ಕಾಲ ಒಳ್ಳೆಯದು: ಮಳೆಗಾಲದ ಮುಸುಕಿಲ್ಲ, ಬೇಸಿಗೆಯ ಬರಿ ಬಂಡೆಯೂ ಅಲ್ಲ. ಅಲ್ಲೇ ಕುಡಿದು ಮುಚ್ಚಳ ಬಿಗಿದ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಸೀಟಿನ ಪಕ್ಕ ಇಟ್ಟುಕೊಳ್ಳಿ. ಅದರ ಕತೆ ಕೆಳಗೆ ಬರುತ್ತದೆ.

ಶಿವಮೊಗ್ಗ ಸೀಮೆಯಿಂದ ಕಡಲಿಗೆ ಇಳಿಯಲು ದಾರಿ ಹಲವು. ಆಗುಂಬೆಯ 14 ತಿರುವುಗಳು ಕಾರಿಗೆ ಚೆಂದ, ಉದ್ದ ಒಡಲಿನ ಗಾಡಿಗೆ ಹಿಂಸೆ. ಭಾರೀ ವಾಹನಗಳಿಗೆ ಅಲ್ಲಿ ಪ್ರವೇಶವೂ ಇಲ್ಲ. ಹುಲಿಕಲ್ ಘಾಟಿ ಕಡಿದು. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಮಾಲೇಮನೆ ಘಾಟಿ ಅಗಲದಲ್ಲೂ ಏರಿನಲ್ಲೂ ಕ್ಯಾರವಾನಿಗೆ ಹೊಂದುತ್ತದೆ. ಮಳೆಗಾಲದಲ್ಲಿ ಧರೆ ಕುಸಿದಿರುವುದುಂಟು, ಹೊರಡುವ ಬೆಳಗ್ಗೆ ತಾಳಗುಪ್ಪದಲ್ಲಿ ಬಸ್ಸಿನವರನ್ನು ಕೇಳಿಕೊಳ್ಳುವುದು ಒಳ್ಳೆಯದು. ಸಿಗ್ನಲ್ ನಡುವೆ ತಪ್ಪುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು.

ಇಳಿಯುವ ಕ್ರಮ ಇಷ್ಟೇ: ಮೂರೂವರೆ ಟನ್ನಿನ ಗಾಡಿಯನ್ನು ಎಂಜಿನ್ ಹಿಡಿಯಲಿ, ಬ್ರೇಕ್ ಅಲ್ಲ. ಇಳಿತ ಶುರುವಾಗುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬನ್ನಿ. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 25ಕ್ಕೆ ಇಳಿಸಿ, ಪೂರ್ತಿ ಬಿಡಿ. ಮತ್ತೆ ಏರಿದಾಗ ಮತ್ತೆ ಹಾಗೆಯೇ. ಕಾಲನ್ನು ಉದ್ದಕ್ಕೂ ಪೆಡಲಿನ ಮೇಲೆ ಸವರುತ್ತಾ ಬಂದರೆ ಪ್ಯಾಡಿಗೆ ತಣಿಯಲು ಸಮಯವೇ ಸಿಗುವುದಿಲ್ಲ. ಮೊದಲು ಸುಟ್ಟ ವಾಸನೆ, ಆಮೇಲೆ ಪೆಡಲ್ ಮೆತ್ತಗಾಗುವುದು. ಮೆತ್ತಗಾಯಿತೆಂದರೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ ಎಂದರ್ಥ. ಗುಳ್ಳೆ ಅಮುಕಿಕೊಳ್ಳುತ್ತದೆ, ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಹೆಚ್ಚಿದಷ್ಟೂ ಅದು ಬೇಗ ಕುದಿಯುತ್ತದೆ. ನಮ್ಮ ಮಲೆನಾಡಿನ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು ಎನ್ನುವುದು ಮೆಕ್ಯಾನಿಕರ ಹಟವಲ್ಲ. ಪೆಡಲ್ ಮೆತ್ತಗಾದರೆ ಗೇರಿನಲ್ಲೇ ನಿಧಾನಿಸಿ, ಅಗಲದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಬಾಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಎಂಜಿನ್ ಆರಿಸುವುದು ಎರಡೂ ಪ್ರಾಣಕ್ಕೆ ಕುತ್ತು. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಬಲವೇ ಹೋಗುತ್ತದೆ. ಎದುರಿನಿಂದ ಏರಿ ಬರುವ ಗಾಡಿಗೆ ದಾರಿ ಬಿಡಿ.

ಈ ಕಾಡು ಸಿಂಗಳೀಕಗಳ ನೆಲೆ. ರಸ್ತೆ ಬದಿಗೆ ಮಂಗಗಳು ಬಂದು ಕೂತರೂ ಏನೂ ಎಸೆಯಬಾರದು. ತಿನ್ನಲು ರಸ್ತೆಗೆ ಇಳಿದ ಪ್ರಾಣಿ ಲಾರಿಯ ಚಕ್ರಕ್ಕೆ ಸಿಗುತ್ತದೆ.

ಗೇರುಸೊಪ್ಪೆಯಲ್ಲಿ ಆ ಬಾಟಲಿ ನೋಡಿ: ಪಕ್ಕೆ ಒಳಕ್ಕೆ ಬಾಗಿರುತ್ತದೆ. ಮೇಲಿನ ತೆಳು ಗಾಳಿಯನ್ನು ಒಳಗಿಟ್ಟುಕೊಂಡು ಅದು ಐನೂರು ಮೀಟರಿಗೂ ಹೆಚ್ಚು ಕೆಳಗೆ ಬಂದಿದೆ, ಹೊರಗಿನ ದಪ್ಪ ಗಾಳಿ ಒತ್ತಿದೆ. ಮಕ್ಕಳಿದ್ದರೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಡ. ಇಲ್ಲಿಂದ ಹೊನ್ನಾವರದವರೆಗೆ ಸುಮಾರು 30 ಕಿಲೋಮೀಟರ್ ಶರಾವತಿ ಜೊತೆಗೇ ಬರುತ್ತಾಳೆ, ಬಾಳೆ, ತೆಂಗು, ಅಡಿಕೆ ತೋಟಗಳ ನಡುವೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಸೀಮೆ ಇದು; ನದಿಯ ಆಚೆ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಕಾಡಿನ ಮೌನದಲ್ಲಿ ನಿಂತಿದೆ. ಈ ಮೂರು ಗಂಟೆಯ ಓಟದಲ್ಲಿ ಎಂಜಿನ್ನಿನಿಂದ 30 ಆಂಪಿಯರ್ ಚಾರ್ಜರ್ ಮೂಲಕ ಬ್ಯಾಟರಿಗೆ ಸಾವಿರ ವಾಟ್-ಅವರ್ ಮೇಲೇ ಸೇರಿರುತ್ತದೆ. ನಾಳೆಯ ಕರೆಂಟಿನ ಲೆಕ್ಕ ಇಲ್ಲಿಗೆ ಮುಗಿಯಿತು.

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. 2020ರಲ್ಲಿ ಪಡುಬಿದ್ರಿಯ ಜೊತೆ, ಸ್ವಚ್ಛ ಮತ್ತು ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ ಇಲ್ಲಿಯದು. ರಾತ್ರಿ ನಿಲ್ಲಲು ತೀರದ ಪಾರ್ಕಿಂಗ್ ಬೇಡ. ಹಿಂದಿನ ಸಾಲಿನಲ್ಲಿ ಗಾಳಿ ಮರದ ನೆರಳಿರುವ, ಬಾವಿಯಿರುವ ಹೋಂಸ್ಟೇ ಅಂಗಳ ಸಾಕು. ತೆಂಗಿನ ಮರದ ಕೆಳಗೆ ಮಾತ್ರ ನಿಲ್ಲಿಸಬಾರದು. ಒಣಗಿದ ಕಾಯಿ ಹಗಲು ರಾತ್ರಿ ನೋಡಿ ಬೀಳುವುದಿಲ್ಲ.

ಮರಳಿನಲ್ಲಿ ಗಾಡಿ ಇಳಿಸಬೇಡಿ, ಎಷ್ಟೇ ಗಟ್ಟಿ ಕಂಡರೂ. ಉಬ್ಬರದ ಗೆರೆಯ ಕೆಳಗಿನ ಒದ್ದೆ ಮರಳು ಕಾಲಿಗೆ ಸಿಮೆಂಟಿನ ಹಾಗೆ, ಮೂರೂವರೆ ಟನ್ನಿಗೆ ಕೆಸರಿನ ಹಾಗೆ. ಈ ತೀರದಲ್ಲಿ ಚಳಿಗಾಲಕ್ಕೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ ಎನ್ನುವುದೂ ನೆನಪಿರಲಿ. ಅಂಗಳದ ದಾರಿಯಲ್ಲೇ ಸಡಿಲ ಮರಳಿಗೆ ಸಿಕ್ಕಿಬಿದ್ದರೆ ಆಕ್ಸಿಲರೇಟರ್ ಒತ್ತುವುದನ್ನು ತಕ್ಷಣ ನಿಲ್ಲಿಸಿ. ಟೈರಿನ ಗಾಳಿ 50 ಪಿಎಸ್‌ಐ ಇದ್ದರೆ 30ಕ್ಕೆ ಇಳಿಸಿ, ಚಕ್ರದ ಮುಂದೆ ಒಂದು ಮೊಳ ಇಳಿಜಾರಾಗಿ ಬಗೆದು, ತೆಂಗಿನ ಗರಿಯನ್ನೋ ಹಲಗೆಯನ್ನೋ ಚಕ್ರಕ್ಕೆ ತಾಗುವಂತೆ ಕೊಟ್ಟು, ಸ್ಟೀರಿಂಗ್ ನೇರವಾಗಿಟ್ಟು ಮೆಲ್ಲಗೆ ಹೊರಡಿಸಿ. ಟಾರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ಓಡಿದರೆ ಟೈರಿನ ಮಗ್ಗುಲು ಕಾದು ಒಡೆಯುತ್ತದೆ.

ಮೂರನೆಯ ದಿನ: ಕಾಸರಕೋಡಿನ ಕಡಲು

ಸೂರ್ಯ ಹುಟ್ಟುವುದೂ ಮುಳುಗುವುದೂ ಈ ದಿನಗಳಲ್ಲಿ 6.20ರ ಆಸುಪಾಸು. ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ನೆಲ ರಾತ್ರಿಯೆಲ್ಲ ತಣಿದಿರುತ್ತದೆ. ನೀರು ಆಗ ಹೆಚ್ಚು ಶಾಂತ, ತೆರೆಯ ತುದಿ ನಯವಾಗಿ ಮಡಚಿಕೊಳ್ಳುತ್ತದೆ. ಹನ್ನೊಂದರ ಸುಮಾರಿಗೆ ಗಾಳಿ ದಿಕ್ಕು ಬದಲಿಸಿ ಕಡಲಿಂದ ನೆಲಕ್ಕೆ ಬರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ನಡಿಗೆ, ಸ್ನಾನ, ಪ್ಯಾನೆಲ್ ಒರೆಸುವುದು ಎಲ್ಲ ಹನ್ನೊಂದರೊಳಗೆ. ಪ್ಯಾನೆಲ್ ಮೇಲೆ ಒಂದೇ ರಾತ್ರಿಯಲ್ಲಿ ಉಪ್ಪಿನ ತೆಳು ಪೊರೆ ಕೂತಿರುತ್ತದೆ. ಅರ್ಧ ಲೀಟರ್ ಸಿಹಿನೀರು, ಮೆತ್ತನೆ ಬಟ್ಟೆ, ಬಿಸಿಲೇರುವ ಮುನ್ನ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಉಪ್ಪಿನ ಹರಳೇ ಗಾಜನ್ನು ಗೀರುತ್ತದೆ.

ಇನ್ನು ಟಾರ್ಪಾಲ್. ಮಲೆನಾಡಿನ ಮಣ್ಣಿಗೆ ಹೊಡೆಯುವ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಕಡಲ ಗಾಳಿಯ ಮೊದಲ ಹೊಡೆತಕ್ಕೇ ಕಿತ್ತು ಬರುತ್ತದೆ. ಹತ್ತು ಕೆಜಿಯ ಖಾಲಿ ಅಕ್ಕಿ ಚೀಲ ನಾಲ್ಕು ತಂದಿರಿ. ಪ್ರತಿಯೊಂದಕ್ಕೂ ಮುಕ್ಕಾಲು ಮರಳು ತುಂಬಿ, ಬಾಯಿ ಬಿಗಿದು, ಅದೇ ಗಂಟಿಗೆ ಹಗ್ಗ ಕಟ್ಟಿ. ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಚೀಲವನ್ನು ಅಡ್ಡಡ್ಡ ಮಲಗಿಸಿ, ಹಗ್ಗ ಹೊರಬರುವ ಕಡೆ ಒಂದು ಓರೆ ಸೀಳು ಮಾಡಿ, ಮರಳು ಮುಚ್ಚಿ ತುಳಿದು ಒಂದು ತಂಬಿಗೆ ನೀರು ಹೊಯ್ಯಿರಿ. ಒದ್ದೆ ಮರಳಿನ ಕಣಗಳು ಒಂದಕ್ಕೊಂದು ಅಂಟಿ ಹಿಡಿಯುವುದರಿಂದ ಹಿಡಿತ ಒಣಮರಳಿಗಿಂತ ಬಹಳ ಹೆಚ್ಚು. ಹಗ್ಗ ನೆಲಕ್ಕೆ 45 ಡಿಗ್ರಿ ಓರೆಯಲ್ಲಿರಲಿ. ನೆಟ್ಟಗೆ ಮೇಲಕ್ಕೆ ಎಳೆಯುವ ಹಗ್ಗ ಚೀಲವನ್ನು ಗುಂಡಿಯಿಂದ ಎತ್ತುತ್ತದೆ. ಕಡಲ ಕಡೆಯ ಅಂಚು ತಗ್ಗಿಸಿ, ಗಾಡಿಯ ಕಡೆಯದು ಎತ್ತರಿಸಿದರೆ ಗಾಳಿ ಮೇಲಿಂದ ಜಾರುತ್ತದೆ, ಮೂರರ ನಂತರದ ಪಡುವಣ ಬಿಸಿಲೂ ತಡೆಯುತ್ತದೆ. ನಡುವೆ ನೀರು ನಿಲ್ಲದಂತೆ ಒಂದು ಮೂಲೆ ಗೇಣುದ್ದ ಇಳಿದಿರಬೇಕು. ಹಸ್ತದ ಒಂದು ಮಳೆಗೆ ಟಾರ್ಪಾಲ್ ಹೊಟ್ಟೆ ಬಿಟ್ಟು ಕೋಲನ್ನೇ ಮುರಿಯುವುದು ಹೊಸತಲ್ಲ.

ಈ ಕಾಲದ ಕಡಲಿಗೆ ಇಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಂತು ನೋಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಮುಂಗಾರಿನ ತೆರೆಗಳು ದಡದ ಮರಳನ್ನು ಕೊಚ್ಚಿ ಒಳಗೆ ಒಯ್ದು ದಿಬ್ಬ ಕಟ್ಟಿರುತ್ತವೆ. ಆ ಮರಳು ದಡಕ್ಕೆ ಮರಳುವುದು ನಿಧಾನವಾಗಿ. ದಿಬ್ಬದ ಮೇಲಿಂದ ಒಳಬಂದ ನೀರು ಹೊರಹೋಗಲು ದಿಬ್ಬದ ನಡುವಿನ ಕಂಡಿಯನ್ನೇ ಹುಡುಕುತ್ತದೆ, ಅದೇ ಸೆಳೆತ. ಅಕ್ಕಪಕ್ಕದಲ್ಲಿ ತೆರೆ ಒಡೆಯುತ್ತಿದ್ದರೂ ಒಂದು ಪಟ್ಟೆಯಲ್ಲಿ ಮಾತ್ರ ಒಡೆಯುವುದಿಲ್ಲ, ಅಲ್ಲಿ ನೀರು ಕಪ್ಪಗೆ ಶಾಂತವಾಗಿ ಕಾಣುತ್ತದೆ, ನೊರೆ ಹೊರಮುಖವಾಗಿ ತೇಲುತ್ತದೆ. ಗೊತ್ತಿಲ್ಲದವರು ಇಳಿಯುವುದು ಆ ಶಾಂತ ಪಟ್ಟೆಗೇ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ತೆರೆ ಒಡೆಯುವ ಜಾಗ ಸೇರಿ, ತೆರೆಯ ಜೊತೆ ಒಳಬರಬೇಕು. ಆಗದಿದ್ದರೆ ಅಂಗಾತ ತೇಲಿ ಕೈ ಎತ್ತಬೇಕು. ಸೆಳೆತ ಹೊರಕ್ಕೆ ಒಯ್ಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ. ಜೀವರಕ್ಷಕರು ನಿಂತಿರುವ ಗಡಿಯೊಳಗೆ, ಸೊಂಟದ ನೀರಿನವರೆಗೆ, ಅಷ್ಟೇ.

ಶರಾವತಿಯ ಅಳಿವೆಯಲ್ಲಿ ಪಾದ ತೊಳೆಯುವುದಕ್ಕಿಂತ ಮುಂದೆ ಹೋಗಬೇಡಿ. ಇಳಿತದ ಹೊತ್ತಿಗೆ ನದಿಯ ನೀರೂ ಉಬ್ಬರದಲ್ಲಿ ಒಳಬಂದ ಕಡಲ ನೀರೂ ಒಟ್ಟಿಗೆ ಆ ಕಿರಿದಾದ ಬಾಯಿಂದ ಹೊರನುಗ್ಗುತ್ತವೆ. ಉಬ್ಬರ ದಿನಕ್ಕೆ ಎರಡು ಸಲ, ಇಂದಿನದು ನಾಳೆ ಸುಮಾರು 50 ನಿಮಿಷ ತಡ. ಭೂಮಿ ಹುಣ್ಣಿಮೆಯ ಆಸುಪಾಸಾದರೆ ನೀರು ಮಾಮೂಲಿ ಗೆರೆ ದಾಟಿ ಬರುತ್ತದೆ, ಕುರ್ಚಿ ಚಾಪೆಗಳನ್ನು ಒಣಗಿದ ಕಡಲಪಾಚಿಯ ಸಾಲಿಗಿಂತ ಮೇಲೆ ಹಾಕಿಕೊಳ್ಳಿ.

ಇಷ್ಟು ನೋಡಿಕೊಂಡ ಮೇಲೆ ಮಾಡುವುದಕ್ಕೆ ಏನೂ ಇಲ್ಲ, ಅದೇ ಸುಖ. ಚಾಪೆ ಹಾಸಿ ಒರಗಿದರೆ ಪುಟ್ಟ ಏಡಿಗಳು ಗೂಡಿನಿಂದ ಮರಳಿನ ಉಂಡೆ ಹೊರಹಾಕಿ ಹೂವಿನ ಹಾಗೆ ಜೋಡಿಸುವುದು ಕಾಣುತ್ತದೆ. ಮುರುಗಲು (ಕೋಕಂ) ಸಿಪ್ಪೆಯನ್ನು ರಾತ್ರಿಯೇ ನೆನೆಹಾಕಿ, ಬೆಲ್ಲ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಸೇರಿಸಿಟ್ಟ ಪಾನಕ ಫ್ರಿಜ್ಜಿನಲ್ಲಿರಲಿ. ಬೆವರು ಹರಿಯುವ ಈ ಹವೆಗೆ ಅದಕ್ಕಿಂತ ಹಿತವಾದದ್ದು ಇಲ್ಲ.

ಮೀನು ತಿನ್ನುವವರಿಗೆ ಇದು ಸುಗ್ಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಬಳಿಕ ಇಳಿದ ದೋಣಿಗಳು ಈಗ ಬಂಗುಡೆ, ಶೆಟ್ಲಿ (ಸೀಗಡಿ) ತುಂಬಿ ಟೊಂಕದ ಬಂದರಿಗೆ ಬರುತ್ತವೆ. "ಅಕ್ಕಾ, ಇವತ್ತಿಂದಾ?" ಎಂದು ಕೇಳುವುದರ ಜೊತೆಗೆ ಕಿವಿರು ಎತ್ತಿ ನೋಡಿ: ಕೆಂಪಾಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಬೆರಳೊತ್ತಿದ ಗುಳಿ ತಕ್ಷಣ ತುಂಬಬೇಕು. ಬಂಗುಡೆಯನ್ನು ಬಿಸಿಲಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ, ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್ ಅಲ್ಲಿಯೇ ಕೊಂಡು ಮೀನಿನ ಮೇಲೂ ಕೆಳಗೂ ಹಾಕಿಸಿ.

ನಾಲ್ಕು ಬಂಗುಡೆಗೆ ಮನೆಯಿಂದ ತಂದ ಮಸಾಲೆ: 12 ಬ್ಯಾಡಗಿ ಮೆಣಸು, 8 ಎಸಳು ಬೆಳ್ಳುಳ್ಳಿ, ಒಂದು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಅರಿಶಿನ, ನೆನೆಸಿದ 4 ಮುರುಗಲು ಸಿಪ್ಪೆ, ಒಂದೂಕಾಲು ಚಮಚ ಉಪ್ಪು. ಮೀನಿನ ಎರಡೂ ಮಗ್ಗುಲಿಗೆ ಮೂರು ಗೀರು ಹಾಕಿ ಹಚ್ಚಿ ಅರ್ಧ ಗಂಟೆ ಬಿಟ್ಟು, ಅಕ್ಕಿ ರವೆಯಲ್ಲಿ ಹೊರಳಿಸಿ ಕಬ್ಬಿಣದ ಕಾವಲಿಯ ಮೇಲೆ ಮಗ್ಗುಲಿಗೆ ನಾಲ್ಕೈದು ನಿಮಿಷ. ಅಂಚು ತಾನಾಗಿ ಕಾವಲಿ ಬಿಡುವವರೆಗೆ ಮಗುಚಬೇಡಿ, ಚರ್ಮ ಅಲ್ಲೇ ಉಳಿಯುತ್ತದೆ. ಅಡುಗೆ ಹೊರಗೇ ಆಗಲಿ, ಹಾಸಿಗೆಗೆ ಹತ್ತಿದ ಮೀನಿನ ವಾಸನೆ ಶಿವಮೊಗ್ಗದವರೆಗೂ ಬರುತ್ತದೆ. ಗಾಳಿಗೆ ಉರಿ ಆರದಂತೆ ಒಲೆಯ ಮೂರು ಬದಿಗೆ ತಗಡು ಮರೆ ಮಾಡಿ, ಸಿಲಿಂಡರ್ ಮಾತ್ರ ಮರೆಯ ಹೊರಗಿರಬೇಕು. ಮೀನು ಬೇಡದವರಿಗೆ ಒಂದೆಲಗದ ತಂಬುಳಿ: ಒಂದು ಹಿಡಿ ಎಲೆ, ಎರಡು ಚಮಚ ತೆಂಗಿನತುರಿ, ಅರ್ಧ ಚಮಚ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ಎರಡು ಲೋಟ ಮಜ್ಜಿಗೆ. ಕುಟ್ಟುಕಲ್ಲಿನಲ್ಲಿ ಜಜ್ಜಿದರೂ ಆಗುತ್ತದೆ, ಒಲೆಯೇ ಬೇಡ.

ಗಾಡಿಯೊಳಗೆ ಒಲೆ ಹಚ್ಚುವ ಹೊತ್ತು ಬಂದರೆ ಒಂದು ಮಾತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಕೂರುತ್ತದೆ. ಅದಕ್ಕಾಗಿಯೇ ನೆಲದಲ್ಲಿ ರಂಧ್ರ ಬಿಟ್ಟಿರುತ್ತಾರೆ. ಕಡಲ ದಿನದಂದು ಆ ರಂಧ್ರ ಕಾಲಿನ ಮರಳಿನಿಂದಲೋ ನಾರಿನ ಚಾಪೆಯಿಂದಲೋ ಮುಚ್ಚಿಹೋಗುವುದು ಸುಲಭ. ಬೆರಳು ಹಾಕಿ ನೋಡಿ.

ಮರಳು ಒಳಗೆ ಬರದಿರಲು ಮೆಟ್ಟಿಲ ಮುಂದೆ ಅಗಲ ಬೋಗುಣಿಯಲ್ಲಿ ನಾಲ್ಕು ಲೀಟರ್ ನೀರು, ಪಕ್ಕದಲ್ಲಿ ನಾರಿನ ಚಾಪೆ. ಇಬ್ಬರಿಗೆ ದಿನದ ನೀರು ಸ್ನಾನ, ಪಾತ್ರೆ, ಅಡುಗೆ, ಕಾಲು ತೊಳೆಯುವುದು ಸೇರಿ 50 ಲೀಟರ್. ಬಾವಿಯಿಂದ ಸೇದಿ ತುಂಬಿಸಿದ 80 ಲೀಟರ್ ಧಾರಾಳ.

ಸಂಜೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮರದ ನಡಿಗೆದಾರಿಗೆ ಹೋಗಿ ಬನ್ನಿ, ಆಟೋದಲ್ಲಿ. ಇಳಿತದ ಹೊತ್ತಾದರೆ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ನಿಂತ ಉಸಿರುಬೇರುಗಳು ಕಾಣುತ್ತವೆ. ಗಾಳಿಯಾಡದ ಕೆಸರಿನಲ್ಲಿ ಮರ ಉಸಿರಾಡುವುದು ಅವುಗಳಿಂದ. ಬಳಚು (ಚಿಪ್ಪಿನ ಜೀವಿ) ಆರಿಸುವವರ ದೋಣಿಗಳೂ ನದಿಯಲ್ಲಿ ಕಾಣಬಹುದು. ಸೂರ್ಯ ಮುಳುಗುವ ಹೊತ್ತಿಗೆ ದಡಕ್ಕೆ ವಾಪಸಾಗಿ.

ರಾತ್ರಿ ಕಡಲ ಕಡೆಯ ಕಿಟಕಿ ಮುಚ್ಚಿ, ಹಿಂದಿನ ಕಿಟಕಿಯನ್ನೂ ಮಾಡಿನ ಗವಾಕ್ಷಿಯನ್ನೂ ಎರಡು ಬೆರಳಷ್ಟು ತೆರೆದಿಡಿ. ಪೂರ್ತಿ ಮುಚ್ಚಿದರೆ ಉಸಿರಿನ ತೇವ ತಗಡಿನ ಒಳಗೋಡೆಗೆ ಹನಿಗಟ್ಟಿ ಹಾಸಿಗೆಯಡಿ ಇಳಿದು, ವಾರದಲ್ಲಿ ಪ್ಲೈವುಡ್ಡಿಗೆ ಬೂಷ್ಟು ಹಿಡಿಯುತ್ತದೆ.

ನಾಲ್ಕನೆಯ ದಿನ: ಕೊಲ್ಲೂರು, ಸಿಗಂದೂರು ದಾರಿಯಲ್ಲಿ ಮನೆಗೆ

ಹೊರಡುವ ಮೊದಲು ಟಾಯ್ಲೆಟ್ಟಿನ ಕ್ಯಾಸೆಟ್ಟನ್ನು ಹೋಂಸ್ಟೇಯವರ ಒಪ್ಪಿಗೆ ಪಡೆದು ಅವರ ಶೌಚಾಲಯದಲ್ಲೇ ಖಾಲಿ ಮಾಡಿ, ಎರಡು ಸಲ ತೊಳೆದು, ಆ ಜಾಗವನ್ನೂ ತೊಳೆದು ಬನ್ನಿ. ತೋಡಿಗೋ ಮರಳಿಗೋ ಸುರಿದವರಿಂದಾಗಿ ಮುಂದಿನ ಗಾಡಿಗೆ ಜಾಗ ಸಿಗುವುದಿಲ್ಲ.

ಮುರುಡೇಶ್ವರ, ಭಟ್ಕಳ, ಬೈಂದೂರು ಹಾದು ಕೊಲ್ಲೂರಿಗೆ. ಅಲ್ಲಿಂದ ಘಾಟಿ ಏರುವಾಗ ಏಸಿ ಆರಿಸಿ, ತಾಪದ ಮುಳ್ಳಿನ ಮೇಲೆ ಕಣ್ಣಿಡಿ. ಕ್ಲಚ್ ಅರ್ಧ ಒತ್ತಿ ಗಾಡಿಯನ್ನು ಏರಿನಲ್ಲಿ ತಡೆದು ನಿಲ್ಲಿಸಬಾರದು, ಹ್ಯಾಂಡ್‌ಬ್ರೇಕ್ ಎಳೆಯಿರಿ. ನಾಗೋಡಿ ದಾಟಿ ತುಮರಿ, ಸಿಗಂದೂರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಶರಾವತಿಯನ್ನು ತಡೆದ ಮೇಲೆ ಹಿನ್ನೀರಿನ ಆಚೆ ಉಳಿದ ಕರೂರು–ತುಮರಿ ಸೀಮೆಗೆ ಸಾಗರ ಪೇಟೆ ಎಂದರೆ ಲಾಂಚ್ ಕಾಯುವುದೇ ಆಗಿತ್ತು. ಜ್ವರ ಬಂದ ಮಗುವನ್ನೂ ಬಸುರಿಯನ್ನೂ ಲಾಂಚಿನ ಹೊತ್ತು ನೋಡಿಯೇ ಹೊರಡಿಸಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಸೇತುವೆ ತೆರೆಯಿತು. ಮುಳುಗಡೆಯಾದ ಊರುಗಳ ನೀರಿನ ಮೇಲೆ ಐದು ನಿಮಿಷದಲ್ಲಿ ದಾಟುವಾಗ ಅಷ್ಟನ್ನು ನೆನೆಯಬೇಕು. ಹಿನ್ನೀರಿಗೆ ಪೂರ್ಣ ಮಟ್ಟ 1,819 ಅಡಿ. ಒಳ್ಳೆಯ ಮಳೆಯ ವರ್ಷ ಈ ತಿಂಗಳಲ್ಲಿ ಅದಕ್ಕೆ ಹತ್ತಿರವೇ ಇರುತ್ತದೆ, ಗುಡ್ಡಗಳು ನಡುಗಡ್ಡೆಗಳಾಗಿ ಕಾಣುತ್ತವೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ. ಅಡ್ಡಗಾಳಿ ಎತ್ತರದ ಒಡಲನ್ನು ಬದಿಗೆ ತಳ್ಳುತ್ತದೆ, ಎರಡೂ ಕೈ ಸ್ಟೀರಿಂಗಿನ ಮೇಲಿರಲಿ.

ಸಾಗರದ ಮೇಲೆ ಸಂಜೆಯೊಳಗೆ ಶಿವಮೊಗ್ಗ. ಊಟ ಆಮೇಲೆ, ಮೊದಲು ಗಾಡಿಯ ತಳಕ್ಕೆ ನೀರು. ಚಕ್ರದ ಕಮಾನು, ಬ್ರೇಕಿನ ಹಿಂಬದಿ, ಮೆಟ್ಟಿಲ ಕೀಲು, ಸ್ಲೈಡಿಂಗ್ ಬಾಗಿಲಿನ ಹಳಿ, ಇಲ್ಲೆಲ್ಲ ಉಪ್ಪು ಮರಳಿನ ಜೊತೆ ಅಡಗಿರುತ್ತದೆ. ಸಾದಾ ಪೈಪಿನ ನೀರು ಹದಿನೈದು ನಿಮಿಷ ಬಿಡಿ. ಹೆಚ್ಚು ಒತ್ತಡದ ಗನ್ ಹಿಡಿದರೆ ಬೇರಿಂಗಿನ ಸೀಲಿನೊಳಗೆ ಉಪ್ಪನ್ನು ನಾವೇ ತುರುಕಿದಂತೆ. ಬ್ಯಾಟರಿ ಟರ್ಮಿನಲ್ ಒಣ ಬಟ್ಟೆಯಲ್ಲಿ ಒರೆಸಿ ಪೆಟ್ರೋಲಿಯಂ ಜೆಲ್ಲಿ ಸವರಿ. ಲಿಥಿಯಂ ಬ್ಯಾಟರಿಯನ್ನು ಅರ್ಧಕ್ಕಿಂತ ತುಸು ಮೇಲೆ ಬಿಟ್ಟು ಸ್ವಿಚ್ ಆರಿಸಿ, ಟ್ಯಾಂಕಿನ ನೀರು ಪೂರ್ತಿ ಬಸಿಯಿರಿ. ಫ್ರಿಜ್ ಒರೆಸಿ, ಬಾಗಿಲು ಮುಚ್ಚಿಕೊಳ್ಳದಂತೆ ಮಡಚಿದ ಟವೆಲ್ ಸಿಕ್ಕಿಸಿಡಿ.